ಏನೂ ಬದಲಾಗಿಲ್ಲ ಎಂದು ತಿಳಿಯುವುದಕ್ಕೇ ಇಷ್ಟೊಂದು ಖರ್ಚೇ!

ಒಂದು ಸರ್ವರ್, ಅದರಲ್ಲಿ ಹತ್ತು ಲಕ್ಷ ಫೈಲು. ಸಾವಿರಾರು ಕಿಲೋಮೀಟರ್ ಆಚೆ ಅದರದೇ ತದ್ರೂಪಿ ಇನ್ನೊಂದು ಸರ್ವರ್. ಎರಡರಲ್ಲಿರುವುದೂ ಒಂದೇ, ಒಂದು ಬೈಟಿನ ವ್ಯತ್ಯಾಸವೂ ಇಲ್ಲ. ಎರಡನೆಯದು ಮೊದಲನೆಯದನ್ನು ಕೇಳುತ್ತದೆ: "ಹೊಸದೇನಾದರೂ ಬಂದಿದೆಯೇ?" ಮೊದಲನೆಯದು ಹೇಳುತ್ತದೆ: "ಏನೂ ಇಲ್ಲ." ಇಷ್ಟೇ ಮಾತುಕತೆ. ಆದರೆ ಆ "ಏನೂ ಇಲ್ಲ" ಹೊರಡುವ ಹೊತ್ತಿಗೆ ಎರಡೂ ಕಡೆಯ ಡಿಸ್ಕುಗಳು ಗಂಟೆಗಟ್ಟಲೆ ತಡಕಾಡಿರಬಹುದು, ನೂರಾರು ಮೆಗಾಬೈಟ್ ಮೆಮೊರಿ ತುಂಬಿಹೋಗಿರಬಹುದು, ಹತ್ತಾರು ಮೆಗಾಬೈಟಿನ ಪಟ್ಟಿಯೊಂದು ಸಮುದ್ರದಾಳದ ಕೇಬಲ್ಲಿನಲ್ಲಿ ಹರಿದುಬಂದಿರಬಹುದು. ಅದೇ ಪ್ರಶ್ನೆಗೆ ಅದೇ ಉತ್ತರವನ್ನು ಇನ್ನೊಂದು ವಿಧಾನ ಬರೀ ಹತ್ತು ಅಂಕಿಗಳ ಒಂದು ಸಂಖ್ಯೆ ನೋಡಿ ಹೇಳಿಬಿಡುತ್ತದೆ! ಈ ಎರಡು ತುದಿಗಳ ನಡುವೆ ಏನೇನಿದೆ ಎಂದು ಹುಡುಕಿಕೊಂಡು ಹೊರಟರೆ ಸಿಗುವುದು ಮೂವತ್ತು ವರ್ಷಗಳ ಜಾಣ್ಮೆಯ ಒಂದು ಭಂಡಾರ. ನಾವು ದಿನಾ ಅದರ ಮೇಲೆಯೇ ಓಡಾಡುತ್ತಿದ್ದೇವೆ, ಗೊತ್ತೇ ಇಲ್ಲ.

ಲಿನಕ್ಸ್ ಬಳಸುವವರೆಲ್ಲ ಮಿರರ್ ಸರ್ವರುಗಳ ಋಣದಲ್ಲಿದ್ದಾರೆ. ಡೆಬಿಯನ್, ಉಬುಂಟು, ಫೆಡೋರಾ, ಆರ್ಚ್ ಇವುಗಳ ಪ್ಯಾಕೇಜುಗಳನ್ನು ಜಗತ್ತಿಗೆಲ್ಲ ಒಂದೇ ಜಾಗದಿಂದ ಹಂಚಲು ಆಗದು. ಅದಕ್ಕೆ ವಿಶ್ವವಿದ್ಯಾಲಯಗಳು, ಇಂಟರ್‌ನೆಟ್ ಕಂಪನಿಗಳು, ಕೆಲವು ಕಡೆ ವಿದ್ಯಾರ್ಥಿ ಸಂಘಗಳು ತಮ್ಮಲ್ಲೊಂದು ಪ್ರತಿ ಇಟ್ಟುಕೊಂಡು ಪುಕ್ಕಟೆಯಾಗಿ ಹಂಚುತ್ತವೆ. ಡೆಬಿಯನ್ನಿನ ಸಿಡಿ ಇಮೇಜುಗಳನ್ನು ಜಗತ್ತಿಗೆ ಕೊಡುತ್ತಿರುವುದು ಸ್ವೀಡನ್ನಿನ ಉಮಿಯೊ ಊರಿನ ವಿದ್ಯಾರ್ಥಿಗಳ ಕಂಪ್ಯೂಟರ್ ಕ್ಲಬ್ಬು ಎಂದರೆ ನಂಬುತ್ತೀರಾ? ನಮ್ಮಲ್ಲೂ ಐಐಟಿ ಕಾನ್ಪುರ, ಐಐಟಿ ಮದ್ರಾಸುಗಳು ಮಿರರ್ ಇಟ್ಟುಕೊಂಡಿವೆ. ಇನ್ನೊಂದು ಸಂಗತಿ ನೆನೆದರಂತೂ ರೋಮಾಂಚನ: ಗುಬ್ಬಿ, ನವಿಲು ಎಂಬ ನಮ್ಮ ಕನ್ನಡ ಫಾಂಟುಗಳು ಡೆಬಿಯನ್ ಭಂಡಾರದಲ್ಲಿ ಪ್ಯಾಕೇಜುಗಳಾಗಿವೆ. ಹಾಗಾಗಿ ಡೆಬಿಯನ್ನಿನ ಪೂರ್ತಿ ಪ್ರತಿ ಇರುವಲ್ಲೆಲ್ಲ, ಉಮಿಯೊದ ಹಿಮದ ನಡುವೆಯೂ, ಕನ್ನಡದ ಅಕ್ಷರಗಳು ಒಂದು ಡಿಸ್ಕಿನ ಮೇಲೆ ಕೂತಿವೆ.

ಡೆಬಿಯನ್ ಭಂಡಾರ ದಿನಕ್ಕೆ ನಾಲ್ಕು ಸಲ ಬದಲಾಗುತ್ತದೆ. ಅಷ್ಟೂ ಸಲ ಅಷ್ಟೂ ಮಿರರುಗಳು ಮೂಲಕ್ಕೆ ಸರಿಹೊಂದಬೇಕು. ಈ ಕೆಲಸಕ್ಕೆ ಜಗತ್ತು ಬಳಸುವ ಮುಖ್ಯ ಸಾಧನದ ಹೆಸರು ಆರ್‌ಸಿಂಕ್.

1996ರ ಜೂನ್ ತಿಂಗಳು. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿರುವ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ಆಂಡ್ರ್ಯೂ ಟ್ರಿಡ್ಜೆಲ್ ಮತ್ತು ಪಾಲ್ ಮೆಕೆರಸ್ ಎಂಬಿಬ್ಬರು ಒಂದು ಪುಟ್ಟ ವರದಿ ಬರೆದರು. ಅವರು ಎತ್ತಿಕೊಂಡ ಸಮಸ್ಯೆ ಕೇಳಿದರೆ ಅಸಾಧ್ಯ ಅನ್ನಿಸುತ್ತದೆ. ಹಳೆಯ ಫೈಲು ನಿಮ್ಮಲ್ಲಿದೆ, ಹೊಸ ಫೈಲು ನನ್ನಲ್ಲಿದೆ. ನಿಮ್ಮದು ನನಗೆ ಕಾಣದು, ನನ್ನದು ನಿಮಗೆ ಕಾಣದು. ನಡುವೆ ನಿಧಾನದ ತಂತಿ. ಎರಡನ್ನೂ ಒಂದೆಡೆ ಇಡದೆ ವ್ಯತ್ಯಾಸವನ್ನಷ್ಟೇ ಕಳಿಸಬೇಕು. ಹೇಗೆ?

ಅವರ ಉಪಾಯ ಇದು. ನೀವು ನಿಮ್ಮ ಹಳೆಯ ಫೈಲನ್ನು ಸಮನಾದ ತುಂಡುಗಳಾಗಿ ಮಾಡಿ, ಪ್ರತಿ ತುಂಡಿಗೂ ಎರಡು ಗುರುತು ಬರೆದು ಕಳಿಸುತ್ತೀರಿ: ಒಂದು ಥಟ್ಟನೆ ಲೆಕ್ಕ ಹಾಕಬಹುದಾದ ಹಗುರ ಚೆಕ್‌ಸಮ್, ಇನ್ನೊಂದು ಮೋಸಹೋಗದ ಗಟ್ಟಿ ಚೆಕ್‌ಸಮ್. ನಾನು ನನ್ನ ಹೊಸ ಫೈಲಿನಲ್ಲಿ ಆ ತುಂಡುಗಳನ್ನು ಹುಡುಕುತ್ತೇನೆ. ತೊಡಕು ಏನೆಂದರೆ, ಹೊಸ ಫೈಲಿನ ತಲೆಯಲ್ಲಿ ಒಂದೇ ಒಂದು ಅಕ್ಷರ ಸೇರಿದ್ದರೂ ಮುಂದಿನದೆಲ್ಲ ಒಂದು ಸ್ಥಾನ ಸರಿದಿರುತ್ತದೆ. ಆದ್ದರಿಂದ ಪ್ರತಿಯೊಂದು ಬೈಟಿನಿಂದಲೂ ತುಂಡು ಶುರುವಾಗಿದೆಯೇನೋ ಎಂದು ನೋಡಬೇಕು. ಒಂದು ಗಿಗಾಬೈಟ್ ಫೈಲಿನಲ್ಲಿ ನೂರು ಕೋಟಿಗೂ ಹೆಚ್ಚು ಸಲ! ಪ್ರತಿ ಸಲವೂ ಹೊಸದಾಗಿ ಕೂಡುತ್ತ ಕೂತರೆ ಮುಗಿಯಿತು ಕಥೆ.

ಈಗ ಕೈಯಲ್ಲೊಂದು ಪೆನ್ನು ಹಿಡಿದು ನನ್ನ ಜೊತೆ ಲೆಕ್ಕ ಮಾಡಿ. ನಾಲ್ಕು ಬೈಟಿನ ತುಂಡು, ಅದರಲ್ಲಿ 3, 5, 2, 7. ಮೊತ್ತ 17. ಇನ್ನೊಂದು ಮೊತ್ತ ಸ್ಥಾನಕ್ಕೆ ತಕ್ಕಂತೆ: ಮೊದಲನೆಯದಕ್ಕೆ 4ರ ಗುಣಾಕಾರ, ಆಮೇಲೆ 3, 2, 1. ಅಂದರೆ 12, 15, 4, 7, ಒಟ್ಟು 38. ಈಗ ಈ ನಾಲ್ಕು ಬೈಟು ಕಾಣುವ ಕಿಟಕಿಯನ್ನು ಒಂದು ಬೈಟು ಮುಂದೆ ಸರಿಸಿ. 3 ಹೊರಹೋಯಿತು, 4 ಒಳಬಂತು. ಹೊಸ ಮೊತ್ತಕ್ಕೆ ಎಲ್ಲವನ್ನೂ ಕೂಡಬೇಕಿಲ್ಲ: 17ರಲ್ಲಿ 3 ಕಳೆದು 4 ಕೂಡಿದರೆ 18. ಎರಡನೆಯದಕ್ಕೂ ಅಷ್ಟೇ: 38ರಲ್ಲಿ 12 ಕಳೆದು, ಈಗ ಬಂದ 18 ಕೂಡಿದರೆ 44. ನಂಬಿಕೆ ಬರದಿದ್ದರೆ ಉದ್ದದ ದಾರಿಯಲ್ಲಿ ಮಾಡಿ ನೋಡಿ: 5, 2, 7, 4ಕ್ಕೆ 20, 6, 14, 4. ಒಟ್ಟು 44! ತುಂಡು ನಾಲ್ಕು ಬೈಟಿನದಿರಲಿ, ನಾಲ್ಕು ಸಾವಿರದ್ದಿರಲಿ, ಕಿಟಕಿ ಸರಿಸುವ ಖರ್ಚು ಅಷ್ಟೇ, ನಾಲ್ಕಾರು ಕೂಡು-ಕಳೆ. ಹಗುರ ಗುರುತು ಹೊಂದಿದರೆ ಮಾತ್ರ ಗಟ್ಟಿ ಗುರುತಿನ ಲೆಕ್ಕ. ಇದಿಷ್ಟೇ ಆರ್‌ಸಿಂಕಿನ ಹೃದಯ. ಪ್ರಾಥಮಿಕ ಶಾಲೆಯ ಗಣಿತದಿಂದ ಇಂಥದ್ದೊಂದು ಹುಟ್ಟಿತಲ್ಲ ಎಂದು ಇವತ್ತಿಗೂ ನನಗೆ ಬೆರಗು.

ಆ ವರದಿಯಲ್ಲೇ ಒಂದು ಪರೀಕ್ಷೆ ಇದೆ. ಲಿನಕ್ಸ್ ಕರ್ನೆಲ್ಲಿನ 1.99.10 ಮತ್ತು 2.0.0 ಆವೃತ್ತಿಗಳ ಟಾರ್ ಫೈಲುಗಳು, ಒಂದೊಂದೂ ಸುಮಾರು 24 ಮೆಗಾಬೈಟ್. ಒಳಗಿದ್ದ 2441 ಫೈಲುಗಳಲ್ಲಿ 291 ಬದಲಾಗಿದ್ದವು. 700 ಬೈಟಿನ ತುಂಡು ಮಾಡಿಕೊಂಡಾಗ ಎರಡೂ ದಿಕ್ಕು ಸೇರಿ ಹರಿದದ್ದು ಎರಡೂಕಾಲು ಮೆಗಾಬೈಟಿಗಿಂತ ಕಡಿಮೆ. ಹಗುರ ಚೆಕ್‌ಸಮ್ಮನ್ನು ಪೂರ್ತಿ ಹೋಲಿಸುವುದಕ್ಕೂ ಮುಂಚಿನ ಮೊದಲ ಜರಡಿಯಲ್ಲಿ 5 ಲಕ್ಷದ 71 ಸಾವಿರಕ್ಕೂ ಹೆಚ್ಚು ಸಲ "ಸಿಕ್ಕಿತು" ಅನ್ನಿಸಿದರೂ, ಹಗುರ ಚೆಕ್‌ಸಮ್ ಹೊಂದಿ ಗಟ್ಟಿ ಚೆಕ್‌ಸಮ್ಮಿನಲ್ಲಿ ಸುಳ್ಳಾದದ್ದು ಬರೀ 22 ಸಲ! 50 ಮೆಗಾಹರ್ಟ್ಸಿನ ಸ್ಪಾರ್ಕ್ ಯಂತ್ರದಲ್ಲಿ ಸುಮಾರು ಎರಡು ನಿಮಿಷದಲ್ಲಿ ಕೆಲಸ ಮುಗಿದಿತ್ತು. ಎರಡೂ ಫೈಲುಗಳನ್ನು ಪಕ್ಕಪಕ್ಕದಲ್ಲೇ ಇಟ್ಟುಕೊಂಡು ಹೋಲಿಸುವ ಡಿಫ್ ಅದೇ ಯಂತ್ರದಲ್ಲಿ ಸುಮಾರು ನಾಲ್ಕು ನಿಮಿಷ ತೆಗೆದುಕೊಂಡಿತ್ತು. ಎದುರಿಗೇ ಇಟ್ಟುಕೊಂಡು ನೋಡುವುದಕ್ಕಿಂತ ಕಣ್ಣಿಗೆ ಕಾಣದ್ದನ್ನು ಹೋಲಿಸುವುದೇ ಬೇಗ!

ಇಂದಿನ ಆರ್‌ಸಿಂಕ್ ದೊಡ್ಡ ಫೈಲಿನ ತುಂಡಿನ ಗಾತ್ರವನ್ನು ಫೈಲಿನ ಗಾತ್ರದ ವರ್ಗಮೂಲದ ಆಸುಪಾಸಿನಲ್ಲಿ ಇಟ್ಟುಕೊಳ್ಳುತ್ತದೆ. ಒಂದು ಗಿಗಾಬೈಟಿಗೆ 32 ಕಿಲೋಬೈಟಿನ 32,768 ತುಂಡುಗಳು. ತುಂಡಿಗೆ ಹೆಚ್ಚೆಂದರೆ 20 ಬೈಟಿನ ಗುರುತು, ಒಟ್ಟು 640 ಕಿಲೋಬೈಟ್. ಇಡೀ ಗಿಗಾಬೈಟಿನ ಚಹರೆ ಅಷ್ಟರಲ್ಲಿ ಬಂತು.

ಇನ್ನು ನಿಜವಾದ ಅಚ್ಚರಿಗೆ ಬರೋಣ. ಇಷ್ಟು ಸುಂದರವಾದ ಈ ವಿದ್ಯೆ ಪ್ಯಾಕೇಜ್ ಮಿರರುಗಳಲ್ಲಿ ಹೆಚ್ಚುಕಮ್ಮಿ ಉಪಯೋಗಕ್ಕೇ ಬರುವುದಿಲ್ಲ! ಡೆಬ್, ಆರ್‌ಪಿಎಂ ಪ್ಯಾಕೇಜುಗಳು ಮೊದಲೇ ಹಿಂಡಿ ಕಿರಿದಾಗಿಸಿದವು. ಒಳಗೆ ಒಂದು ಸಾಲು ಬದಲಾದರೂ ಹಿಂಡಿದ ಫೈಲು ಅಲ್ಲಿಂದ ಮುಂದಕ್ಕೆ ಪೂರ್ತಿ ಬೇರೆಯಾಗಬಹುದು. ಮೇಲಾಗಿ ಹೊಸ ಆವೃತ್ತಿ ಎಂದರೆ ಹೊಸ ಹೆಸರಿನ ಫೈಲು, ಹಳೆಯದರ ಜೊತೆ ಹೋಲಿಸುವ ಪ್ರಶ್ನೆಯೇ ಸಾಮಾನ್ಯವಾಗಿ ಏಳುವುದಿಲ್ಲ. ಕಳಿಸುವಾಗ ಹಿಂಡುವ ಆಯ್ಕೆಯೂ ದಂಡ. ಅದು ಆರ್‌ಸಿಂಕಿಗೇ ಗೊತ್ತು, ಇನ್ನು ಹಿಂಡಬೇಡ ಎಂಬ ಅದರ ಪಟ್ಟಿಯಲ್ಲಿ ಡೆಬ್ ಮತ್ತು ಆರ್‌ಪಿಎಂ ಮೊದಲಿನಿಂದ ಸೇರಿವೆ.

ಹಾಗಾದರೆ ಸಂಪನ್ಮೂಲ ಹೋಗುವುದೆಲ್ಲಿ? ಡೈರೆಕ್ಟರಿಗಳೆಂಬ ಗಿಡದ ಕೊಂಬೆಕೊಂಬೆಯನ್ನೂ ಸುತ್ತುವುದರಲ್ಲಿ. ಆರ್‌ಸಿಂಕ್ ಸಾಮಾನ್ಯವಾಗಿ ಫೈಲಿನ ಒಳಗೆ ನೋಡುವುದಿಲ್ಲ, ಗಾತ್ರ ಮತ್ತು ಬದಲಾದ ಸಮಯ ಎರಡನ್ನೂ ನೋಡಿ ಒಂದೇ ಇದ್ದರೆ ಮುಂದೆ ಹೋಗುತ್ತದೆ. ಆದರೆ ಆ ಎರಡು ಸಂಗತಿಗಾಗಿ, ಅವನ್ನು ಬರೆದಿಟ್ಟಿರುವ ಐನೋಡ್ ಎಂಬ ದಾಖಲೆಯನ್ನು ಪ್ರತಿ ಫೈಲಿಗೂ ಡಿಸ್ಕಿನಿಂದ ಓದಬೇಕಲ್ಲ! ಹತ್ತು ಲಕ್ಷ ಮಕ್ಕಳ ಶಾಲೆಯಲ್ಲಿ ಹೊಸಬರು ಯಾರಾದರೂ ಸೇರಿದ್ದಾರೆಯೇ ಎಂದು ತಿಳಿಯಲು ಮೇಷ್ಟರು ದಿನಕ್ಕೆ ನಾಲ್ಕು ಸಲ ಎಲ್ಲರ ಹೆಸರನ್ನೂ ಕೂಗಿ ಹಾಜರಿ ಹಾಕಿದ ಹಾಗೆ. ಸುತ್ತುವ ಡಿಸ್ಕಿನಲ್ಲಿ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹೋಗಿ ಓದಲು ಸುಮಾರು 10 ಮಿಲಿಸೆಕೆಂಡು. ಅತಿ ಕೆಟ್ಟ ಲೆಕ್ಕ ಹಿಡಿದು ಪ್ರತಿ ಐನೋಡಿಗೂ ಒಂದು ಓಟ ಅಂದುಕೊಳ್ಳಿ: 10,000 ಸೆಕೆಂಡು, ಎರಡೂಮುಕ್ಕಾಲು ಗಂಟೆ. ಐನೋಡುಗಳು ಅಕ್ಕಪಕ್ಕ ಕೂತಿರುವುದರಿಂದ ನಿಜದಲ್ಲಿ ಇಷ್ಟಾಗದು. ಆದರೂ ನೂರಾರು ಮಿರರುಗಳು ಒಂದೇ ಮೂಲದ ಬಾಗಿಲು ತಟ್ಟುವಾಗ ಅಲ್ಲಿನ ಡಿಸ್ಕಿನ ಪಾಡು ಊಹಿಸಿ!

ಮೆಮೊರಿಯ ಲೆಕ್ಕವೂ ಹೀಗೇ ಕಣ್ಣರಳಿಸುತ್ತದೆ. ಫೈಲೊಂದಕ್ಕೆ ಸುಮಾರು 100 ಬೈಟು ಬೇಕೆಂದು ಆರ್‌ಸಿಂಕ್ ತಂಡವೇ ಹೇಳುತ್ತದೆ, 8 ಲಕ್ಷ ಫೈಲಿಗೆ 80 ಮೆಗಾಬೈಟ್. 2008ರ ಮಾರ್ಚಿನಲ್ಲಿ ಬಂದ 3.0.0 ಆವೃತ್ತಿ ಒಂದು ದೊಡ್ಡ ಬದಲಾವಣೆ ತಂದಿತು: ಪೂರ್ತಿ ಪಟ್ಟಿ ಕಟ್ಟಿಕೊಂಡು ಕೂರುವ ಬದಲು ಡೈರೆಕ್ಟರಿಗಳನ್ನು ಸ್ವಲ್ಪ ಸ್ವಲ್ಪವೇ ಓದುತ್ತ, ಮುಗಿದದ್ದನ್ನು ಮರೆಯುತ್ತ ಸಾಗುವುದು. ಮೆಮೊರಿ ದಿಢೀರನೆ ಇಳಿಯಿತು. ಆದರೆ ಕೈಪಿಡಿಯನ್ನು ಸಾವಧಾನವಾಗಿ ಓದಿದರೆ ಅಲ್ಲೊಂದು ಸಾಲು ಸಿಗುತ್ತದೆ, ಕೆಲವು ಆಯ್ಕೆಗಳಿಗೆ ಪೂರ್ತಿ ಪಟ್ಟಿ ಬೇಕೇ ಬೇಕು, ಅವು ಈ ಉಳಿತಾಯವನ್ನು ನಿಲ್ಲಿಸಿಬಿಡುತ್ತವೆ. ಯಾವುವು ಅವು? ಡಿಲೀಟ್-ಆಫ್ಟರ್, ಡಿಲೇ-ಅಪ್‌ಡೇಟ್ಸ್ ಮೊದಲಾದವು, ಮಿರರ್ ನಡೆಸುವವರ ಅಚ್ಚುಮೆಚ್ಚಿನವೇ! ಡಿಲೀಟ್-ಆಫ್ಟರ್ ಇರುವಲ್ಲಿ ಡಿಲೀಟ್-ಡಿಲೇ ಎಂದು ಬರೆದರೆ ಅಳಿಸುವ ಕೆಲಸ ಆಗಲೂ ಕೊನೆಗೇ ಆಗುತ್ತದೆ, ಮೆಮೊರಿಯ ಉಳಿತಾಯವೂ ಉಳಿಯುತ್ತದೆ. ಒಂದೇ ಒಂದು ಪದದ ಅಂತರ.

ಕರ್ನೆಲ್ಲಿನ ಮೆಮೊರಿ ಬೇರೆಯೇ ಇದೆ, ಅದನ್ನು ಲೆಕ್ಕಕ್ಕೆ ಹಿಡಿಯುವವರು ಕಡಿಮೆ. ಎಕ್ಸ್ಟ್4 ಫೈಲ್ ವ್ಯವಸ್ಥೆಯಲ್ಲಿ ಒಂದು ಐನೋಡನ್ನು ಕ್ಯಾಶಿನಲ್ಲಿ ಇಟ್ಟುಕೊಳ್ಳಲು ಸುಮಾರು ಒಂದು ಕಿಲೋಬೈಟ್ ಬೇಕು, ಅದರ ಹೆಸರಿನ ದಾಖಲೆಗೆ ಇನ್ನಿನ್ನೂರು ಬೈಟು. ಹತ್ತು ಲಕ್ಷ ಫೈಲಿಗೆ ಒಂದು ಗಿಗಾಬೈಟ್ ಮೀರಿತು, ಆರ್‌ಸಿಂಕ್ ತಾನು ಬಳಸಿದ್ದರ ಹತ್ತು ಪಟ್ಟಿಗೂ ಹೆಚ್ಚು. ಈ ಕ್ಯಾಶ್ ಉಳಿದಿದ್ದರೆ ಎರಡನೆಯ ಸುತ್ತು ನಿಮಿಷಗಳಲ್ಲಿ ಮುಗಿಯುತ್ತದೆ. ಅಷ್ಟರಲ್ಲಿ ನಾಲ್ಕು ಜನ ದೊಡ್ಡ ಐಎಸ್‌ಒ ಇಳಿಸಿಕೊಂಡು ಕ್ಯಾಶನ್ನು ತೊಳೆದುಹಾಕಿದರೆ ಮತ್ತೆ ಡಿಸ್ಕಿನ ಓಟ ಮೊದಲಿನಿಂದ. ಅದಕ್ಕಾಗಿಯೇ ಅನುಭವಿ ಅಡ್ಮಿನ್‌ಗಳು ಕರ್ನೆಲ್ಲಿನ ವಿಎಫ್‌ಎಸ್ ಕ್ಯಾಶ್ ಪ್ರೆಷರ್ ಎಂಬ ಅಂಕಿಯನ್ನು 100ರಿಂದ ಕೆಳಗಿಳಿಸಿ, ಐನೋಡುಗಳನ್ನು ಬಿಡದೆ ಹಿಡಿದುಕೋ ಎಂದು ಹೇಳಿರುತ್ತಾರೆ.

ಬೇರೆ ಸಾಧನಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಖರ್ಚು ಜಾಗ ಬದಲಿಸುವುದು ಕಾಣುತ್ತದೆ. ಎಫ್‌ಟಿಪಿಯ ಮೇಲೆ ಓಡುವ ಎಲ್‌ಎಫ್‌ಟಿಪಿ ಪ್ರತಿ ಡೈರೆಕ್ಟರಿಗೂ ಕೇಳಿ, ಉತ್ತರಕ್ಕೆ ಕಾಯಬೇಕು. ಮೆಮೊರಿ ಹೆಚ್ಚು ಬೇಡ, ಆದರೆ ಹೋಗಿಬರುವ ಕಾಲವೇ ಅದನ್ನು ತಿನ್ನುತ್ತದೆ. ಒಂದು ಸಲ ಹೋಗಿಬರಲು ಕಾಲು ಸೆಕೆಂಡು ಹಿಡಿಯುವ ದೂರದಲ್ಲಿ 40,000 ಡೈರೆಕ್ಟರಿಗಳಿದ್ದರೆ, ಒಂದೊಂದಾಗಿ ಕೇಳುತ್ತ ಹೋದರೆ, ಮತ್ತೆ ಅದೇ 10,000 ಸೆಕೆಂಡು. ಆರ್‌ಸಿಂಕ್ ಪಟ್ಟಿಯನ್ನು ನಿಲ್ಲಿಸದೆ ಹರಿಸುವುದರಿಂದ ಈ ಕಾಟ ಅದಕ್ಕಿಲ್ಲ. ಆರ್‌ಸಿಂಕಿಗೇ ಚೆಕ್‌ಸಮ್ ಆಯ್ಕೆ ಕೊಟ್ಟುಬಿಟ್ಟರೆ ಮಾತ್ರ ದೇವರೇ ಗತಿ: ಪ್ರತಿ ಫೈಲನ್ನೂ ಎರಡೂ ಕಡೆ ಪೂರ್ತಿ ಓದುತ್ತದೆ. ಸೆಕೆಂಡಿಗೆ 150 ಮೆಗಾಬೈಟ್ ಓದುವ ಡಿಸ್ಕಿನಲ್ಲಿ ಒಂದು ಟೆರಾಬೈಟಿಗೆ ಎರಡು ಗಂಟೆಯ ಹತ್ತಿರ. ಒಳ್ಳೆಯ ಮೂಲ ಸರ್ವರುಗಳು ಈ ಆಯ್ಕೆ ಕೇಳಿದವರನ್ನು ಬಾಗಿಲಲ್ಲೇ ನಿರಾಕರಿಸುವಂತೆ ಸೆಟ್ಟಿಂಗ್ ಇಟ್ಟಿರುತ್ತವೆ.

ನನ್ನನ್ನು ಕುಣಿದಾಡುವಂತೆ ಮಾಡಿದ್ದು ಝಡ್‌ಸಿಂಕ್. ಕಾಲಿನ್ ಫಿಪ್ಸ್ ಬರೆದದ್ದು. ಆರ್‌ಸಿಂಕಿನ ಗಣಿತ ಹಾಗೇ ಇದೆ, ಪಾತ್ರಗಳನ್ನು ಮಾತ್ರ ಅದಲುಬದಲು ಮಾಡಿದ್ದಾರೆ! ಆರ್‌ಸಿಂಕಿನಲ್ಲಿ ಕಿಟಕಿ ಸರಿಸುತ್ತ ಹುಡುಕುವ ದುಡಿಮೆ ಕಳಿಸುವವನದು. ನೂರು ಜನ ಕೇಳಿದರೆ ಸರ್ವರ್ ನೂರು ಸಲ ಹುಡುಕಬೇಕು. ಝಡ್‌ಸಿಂಕಿನಲ್ಲಿ ಸರ್ವರ್ ಹೊಸ ಫೈಲಿನ ತುಂಡುಗಳ ಗುರುತನ್ನು ಒಂದೇ ಒಂದು ಸಲ ಲೆಕ್ಕ ಮಾಡಿ ಪಕ್ಕದಲ್ಲೊಂದು ಪುಟ್ಟ ಫೈಲಾಗಿ ಇಟ್ಟುಬಿಡುತ್ತದೆ. ಬಂದವರು ಅದನ್ನು ಒಯ್ದು ತಮ್ಮ ಹಳೆಯ ಫೈಲಿನಲ್ಲಿ ತಾವೇ ಹುಡುಕಿಕೊಂಡು, ಇಲ್ಲದ ತುಂಡುಗಳನ್ನಷ್ಟೇ ಸಾಮಾನ್ಯ ಎಚ್‌ಟಿಟಿಪಿಯಲ್ಲಿ "ಇಷ್ಟರಿಂದ ಇಷ್ಟರ ತನಕ ಕೊಡು" ಎಂದು ಕೇಳುತ್ತಾರೆ. ಸರ್ವರಿನಲ್ಲಿ ವಿಶೇಷ ತಂತ್ರಾಂಶ ಬೇಡ, ಸಿಪಿಯು ಬೇಡ. ಉಬುಂಟು ತನ್ನ ಐಎಸ್‌ಒಗಳ ಪಕ್ಕದಲ್ಲಿ ಇಂಥ ಫೈಲುಗಳನ್ನು ಇಡುತ್ತ ಬಂದದ್ದು ಇದಕ್ಕೇ. ದಿನಾ ಸ್ವಲ್ಪ ಸ್ವಲ್ಪ ಬದಲಾಗುವ ದೊಡ್ಡ ಇಮೇಜಿಗೆ ಇದರಷ್ಟು ಚೆಂದದ ದಾರಿ ನಾನು ಕಂಡಿಲ್ಲ.

ಆದರೂ ಕೊಂಬೆಕೊಂಬೆ ಸುತ್ತುವ ಸಮಸ್ಯೆ ಹಾಗೇ ಉಳಿಯಿತಲ್ಲ? ಅದಕ್ಕೆ ಬೇರೆ ಬೇರೆ ಊರಿನ ಜನ, ಬೇರೆ ಬೇರೆ ಭಂಡಾರಗಳಲ್ಲಿ ಕಂಡುಕೊಂಡ ಮದ್ದು ಒಂದೇ: ಸುತ್ತಬೇಡಿ, ಮೂಲದವನು ಬರೆದಿಟ್ಟದ್ದನ್ನು ಓದಿ! ಆರ್ಚ್ ಲಿನಕ್ಸಿನಲ್ಲಿ ಲಾಸ್ಟ್‌ಅಪ್‌ಡೇಟ್ ಎಂಬ ಫೈಲಿದೆ, ಒಳಗೆ ಹತ್ತು ಅಂಕಿಯ ಒಂದು ಸಮಯ. ಅದು ಬದಲಾಗದಿದ್ದರೆ ಸ್ಕ್ರಿಪ್ಟು ಇಡೀ ಭಂಡಾರದ ಮೇಲೆ ಆರ್‌ಸಿಂಕನ್ನು ಓಡಿಸುವುದೇ ಇಲ್ಲ. ಮೊದಲಿಗೆ ಹೇಳಿದೆನಲ್ಲ, ಅದು ಇದೇ. ಫೆಡೋರಾ ಇನ್ನೂ ಮುಂದೆ ಹೋಯಿತು. ಮೂಲ ಸರ್ವರಿನಲ್ಲೇ ಎಲ್ಲ ಫೈಲುಗಳ ಹೆಸರು, ಗಾತ್ರ, ಸಮಯ ಬರೆದ ಪಟ್ಟಿ ಸಿದ್ಧವಾಗಿರುತ್ತದೆ. ಕ್ವಿಕ್ ಫೆಡೋರಾ ಮಿರರ್ ಎಂಬ ಸ್ಕ್ರಿಪ್ಟು ಆ ಪಟ್ಟಿ ತರಿಸಿಕೊಂಡು, ಕಳೆದ ಸಲದ್ದರ ಜೊತೆ ತನ್ನ ಮನೆಯಲ್ಲೇ ಹೋಲಿಸಿ, ಬದಲಾದ ಹೆಸರುಗಳನ್ನಷ್ಟೇ ಆರ್‌ಸಿಂಕಿಗೆ ಕೊಡುತ್ತದೆ. ಮೂಲದ ಡಿಸ್ಕಿಗೆ ಸುತ್ತಾಟವೇ ಇಲ್ಲ.

ಪರ್ಲ್ ಜನರ ಸಿಪಿಎಎನ್ ಭಂಡಾರದಲ್ಲಿ ಈಚೆಗೆ ಏನೇನಾಯಿತು ಎಂಬ ದಿನಚರಿಯೇ ಇದೆ, ಒಂದು ಗಂಟೆಯದು, ಆರು ಗಂಟೆಯದು, ದಿನದ್ದು, ವಾರದ್ದು, ತಿಂಗಳದ್ದು ಹೀಗೆ. ಸದಾ ಜೊತೆಯಲ್ಲಿರುವ ಮಿರರ್ ಒಂದು ಗಂಟೆಯ ಪುಟ್ಟ ಪಟ್ಟಿ ನೋಡಿದರೆ ಸಾಕು, ವಾರವಿಡೀ ಮಲಗಿದ್ದವನು ದೊಡ್ಡದನ್ನು ತೆರೆಯುತ್ತಾನೆ. ಪೈಥಾನಿನ ಪೈಪಿಐಗೆ ಬ್ಯಾಂಡರ್‌ಸ್ನಾಚ್ ಎಂಬ ಸಾಧನ, ಅದು ನೆನಪಿಟ್ಟುಕೊಳ್ಳುವುದು ಒಂದು ಕ್ರಮಸಂಖ್ಯೆ: "ಈ ನಂಬರಿನ ಆಮೇಲೆ ಏನಾಯಿತು ಹೇಳು." ಲಿನಕ್ಸ್ ಕರ್ನೆಲ್ಲಿನ ನೂರಾರು ಗಿಟ್ ಭಂಡಾರಗಳಿಗೆ ಗ್ರಾಕ್‌ಮಿರರ್, ಅದೂ ಒಂದು ಪಟ್ಟಿಯಲ್ಲಿರುವ ಬೆರಳಚ್ಚುಗಳನ್ನು ನೋಡಿ ಬದಲಾದವನ್ನು ಮಾತ್ರ ತರುತ್ತದೆ. ಝಡ್‌ಎಫ್‌ಎಸ್‌ನಂಥ ಫೈಲ್ ವ್ಯವಸ್ಥೆ ತನ್ನ ಪ್ರತಿ ಬ್ಲಾಕ್ ಯಾವಾಗ ಹುಟ್ಟಿತೆಂದು ತಾನೇ ಬರೆದಿಟ್ಟುಕೊಂಡಿರುವುದರಿಂದ ಎರಡು ಸ್ನ್ಯಾಪ್‌ಶಾಟುಗಳ ಅಂತರವನ್ನು ಸುತ್ತಾಟವಿಲ್ಲದೆ ಹೇಳಬಲ್ಲದು. ಎರಡೂ ಕಡೆ ಝಡ್‌ಎಫ್‌ಎಸ್ ಇರಬೇಕು, ಅಷ್ಟೇ ತೊಡಕು.

ಉಳಿತಾಯದ ಭರದಲ್ಲಿ ಒಂದು ಮಾತು ಮರೆಯಬಾರದು. ಡೆಬಿಯನ್ನಿನ ಎಫ್‌ಟಿಪಿಸಿಂಕ್ ಸ್ಕ್ರಿಪ್ಟು ಆರ್‌ಸಿಂಕನ್ನು ಎರಡು ಸಲ ಓಡಿಸುತ್ತದೆ, ಮೊದಲು ಪ್ಯಾಕೇಜುಗಳು, ಆಮೇಲೆ ಸೂಚಿ ಫೈಲುಗಳು ಮತ್ತು ಹಳೆಯದನ್ನು ಅಳಿಸುವ ಕೆಲಸ. ಸಂಪನ್ಮೂಲದ ಲೆಕ್ಕದಲ್ಲಿ ಇದು ದುಬಾರಿ, ಸುತ್ತಾಟ ಇಮ್ಮಡಿ. ಆದರೆ ಸೂಚಿ ಮೊದಲು ಬಂದು ಪ್ಯಾಕೇಜ್ ಇನ್ನೂ ದಾರಿಯಲ್ಲಿದ್ದರೆ ಆ ನಡುವೆ ಇನ್‌ಸ್ಟಾಲ್ ಮಾಡಲು ಬಂದವರಿಗೆ ಸಿಗುವುದು "ಫೈಲ್ ಇಲ್ಲ" ಎಂಬ ಉತ್ತರ. ಆ ಎರಡನೆಯ ಸುತ್ತಿನ ಖರ್ಚು ನ್ಯಾಯವಾದ ಖರ್ಚು. ಅದನ್ನು ಉಳಿಸಲು ಹೋಗುವವರ ಪಕ್ಷ ನಾನಂತೂ ವಹಿಸಲಾರೆ.

ನೀವೂ ಅಳೆದು ನೋಡಿ. ಆಜ್ಞೆಯ ಮುಂದೆ ಗ್ನೂ ಟೈಮ್ ಅನ್ನು ವಿ ಆಯ್ಕೆಯೊಂದಿಗೆ ಇಟ್ಟರೆ ಗರಿಷ್ಠ ಮೆಮೊರಿ, ಸಿಪಿಯು ಸಮಯ, ಡಿಸ್ಕ್ ಓದು ಮೂರೂ ಬರುತ್ತವೆ. ಆರ್‌ಸಿಂಕಿಗೆ ಸ್ಟ್ಯಾಟ್ಸ್ ಆಯ್ಕೆ ಕೊಟ್ಟರೆ ಫೈಲ್ ಪಟ್ಟಿಯ ಗಾತ್ರ, ಹೋದ ಬೈಟು, ಬಂದ ಬೈಟು ಹೇಳುತ್ತದೆ. ಕ್ಯಾಶ್ ಖಾಲಿ ಮಾಡಿ ಒಮ್ಮೆ, ತುಂಬಿರುವಾಗ ಒಮ್ಮೆ ಓಡಿಸಿ, ಆ ಎರಡರ ಅಂತರ ನೋಡಿದವರು ಮುಂದೆ ಒಂದೇ ಓಟದ ಅಂಕಿಯನ್ನು ನಂಬುವುದಿಲ್ಲ. ಮೂಲ ಸರ್ವರಿನ ಕಡೆಯ ಅಂಕಿ ನಿಮಗೆ ಕಾಣದು, ಹೆಚ್ಚು ದುಡಿಯುವುದು ಮಾತ್ರ ಅದೇ.

ನನ್ನ ತೀರ್ಮಾನ ಹೇಳಿಬಿಡುತ್ತೇನೆ. ಡೆಬಿಯನ್ ಇಡುವವರಿಗೆ ಎಫ್‌ಟಿಪಿಸಿಂಕ್, ಫೆಡೋರಾಕ್ಕೆ ಕ್ವಿಕ್ ಫೆಡೋರಾ ಮಿರರ್, ಆರ್ಚ್‌ಗೆ ಲಾಸ್ಟ್‌ಅಪ್‌ಡೇಟ್ ನೋಡುವ ಸ್ಕ್ರಿಪ್ಟು, ದೊಡ್ಡ ಇಮೇಜುಗಳಿಗೆ ಝಡ್‌ಸಿಂಕ್. ಬರೀ ಆರ್‌ಸಿಂಕನ್ನು ಗಂಟೆಗೊಮ್ಮೆ ಕ್ರಾನಿನಲ್ಲಿ ಹಾಕಿ ಮರೆತಿದ್ದರೆ ಇವತ್ತೇ ಬದಲಿಸಿ. ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳ ಮೇಷ್ಟರುಗಳೇ, ವಿದ್ಯಾರ್ಥಿಗಳೇ, ನಿಮ್ಮ ಲ್ಯಾಬಿನಲ್ಲಿ ಕೆಲವು ಟೆರಾಬೈಟ್ ಡಿಸ್ಕು ಖಾಲಿ ಇದ್ದರೆ, ಕಾಲೇಜಿಗೆ ಒಳ್ಳೆಯ ಇಂಟರ್‌ನೆಟ್ ಇದ್ದರೆ, ಒಂದು ಮಿರರ್ ಇಡಿ.